ಕಾಫಿ ಹೊಟ್ಟಿನ ಗ್ಯಾಸ್ ಲೆಕ್ಕ: ತಪ್ಪು ಸಾಫ್ಟ್‌ವೇರಿನದ್ದೋ, ರಿಯಾಕ್ಷನ್ ಫೈಲಿನದ್ದೋ?

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕು, ಮನೆಯಲ್ಲಿ ಕಾಫಿ ತೋಟ ಇದೆ. ನಾನು ಕೆಮಿಕಲ್ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ಮಾಡುತ್ತಿದ್ದೇನೆ. ಕಾಫಿ ಹೊಟ್ಟನ್ನು ಗಾಳಿ ಕೊಟ್ಟು ಗ್ಯಾಸಿಫೈ ಮಾಡಿದರೆ (ಪೂರ್ತಿ ಉರಿಸದೆ, ಉರಿಯುವ ಗ್ಯಾಸಾಗಿ ಬದಲಿಸಿದರೆ) ಯಾವ ಗ್ಯಾಸ್ ಎಷ್ಟು ಬರುತ್ತದೆ ಎಂಬುದು ನನ್ನ ಪ್ರಾಜೆಕ್ಟ್. ಡಿಡಬ್ಲ್ಯೂಸಿಮ್ (DWSIM) ಎಂಬ ಫ್ರೀ ಸಾಫ್ಟ್‌ವೇರ್‌ನಲ್ಲಿ ಮಾಡುತ್ತಿದ್ದೇನೆ. ಯಾವ ರಿಯಾಕ್ಷನ್ ಎಷ್ಟು ವೇಗದಲ್ಲಿ (ರೇಟ್) ನಡೆಯುತ್ತದೆ ಎಂದು ಬರೆದಿರುವ ರಿಯಾಕ್ಷನ್ ಫೈಲನ್ನು ಸೀನಿಯರ್ ಒಬ್ಬರು ಕೊಟ್ಟರು. ಅದಕ್ಕೆ ಪೇಪರ್‌ಗಳಿಂದ ಎರಡು ರಿಯಾಕ್ಷನ್ ನಾನೇ ಸೇರಿಸಿದೆ. 800 ಡಿಗ್ರಿಗೆ ರನ್ ಮಾಡಿದರೆ ಕಾರ್ಬನ್ ಮಾನಾಕ್ಸೈಡ್ ಹೆಚ್ಚುಕಮ್ಮಿ ಮಾಯ, ಹೈಡ್ರೋಜನ್ ಶೇ. 30 ದಾಟುತ್ತದೆ. ಯೂನಿಟ್ ಬದಲಿಸಿ ನೋಡಿದೆ, ಆಗ ರಿಯಾಕ್ಷನ್ ನಡೆಯುವುದೇ ಇಲ್ಲ. ಎರಡೂ ಸಲ ಎರರ್ ಬರಲಿಲ್ಲ. ಗೈಡ್ ಸರ್ ‘ಫ್ರೀ ಸಾಫ್ಟ್‌ವೇರ್ ಅಂದ್ರೆ ಹೀಗೇ, ದುಡ್ಡು ಕೊಟ್ಟದ್ದನ್ನು ಬಳಸಿ’ ಅಂತಾರೆ. ಸ್ನೇಹಿತ 325 ರಿಯಾಕ್ಷನ್ ಇರುವ ರೆಡಿ ಫೈಲ್ ಹಾಕು ಅಂತಾನೆ. ಇನ್ನೊಬ್ಬ, ಪೇಪರ್‌ನಲ್ಲಿರುವ ಉತ್ತರ ಬರುವ ತನಕ ರೇಟಿನ ಅಂಕಿ ತಿದ್ದುತ್ತಾ ಹೋಗು ಅಂತಾನೆ. ಈ ನಡುವೆ ಚಿಕ್ಕಪ್ಪ ಹೈಡ್ರೋಜನ್ ಅಂಕಿ ನೋಡಿ, ಕಣದ ಡ್ರೈಯರ್‌ಗೆ ಗ್ಯಾಸಿಫೈಯರ್ ಹಾಕಿಸುವ ಮಾತಾಡುತ್ತಿದ್ದಾರೆ. ನನಗೆ ಭಯವಾಗುತ್ತಿದೆ. ತಪ್ಪು ಎಲ್ಲಿದೆ? ಫೈಲನ್ನು ಯಾವುದರಲ್ಲಿ ತಿದ್ದಬೇಕು?

ಉತ್ತರ: ನೀವು ಕಳಿಸಿದ ಫೈಲನ್ನು ಸಾಲು ಸಾಲಾಗಿ ನೋಡಿದೆ. ಸಾಫ್ಟ್‌ವೇರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ತೊಂದರೆ ಇರುವುದು ಫೈಲಿನಲ್ಲಿ, ಅದೂ ಮೂರು ಕಡೆ. ಮೂರನ್ನೂ ಸರಿಪಡಿಸಬಹುದು, ಒಂದು ದಿನದ ಕೆಲಸ. ಆದರೆ ಸರಿಪಡಿಸಿದ ಮೇಲೂ ಆ ಅಂಕಿ ನಂಬಿ ಚಿಕ್ಕಪ್ಪ ದುಡ್ಡು ಹಾಕಬಾರದು. ಅದರ ಕಾರಣ ಬೇರೆ, ಕೊನೆಗೆ ಹೇಳುತ್ತೇನೆ.

ನಿಮ್ಮ ಭಯದ ಮೂಲ ‘ಎರರ್ ಬರಲಿಲ್ಲ’ ಎಂಬ ಮಾತಿನಲ್ಲಿದೆ. ಎರರ್ ಬರದಿದ್ದರೆ ಫೈಲ್ ಸರಿ ಎಂದು ತುಂಬ ಜನ ನಂಬುತ್ತಾರೆ. ಕಂಪನಿಗಳಲ್ಲಿ ಹತ್ತಾರು ವರ್ಷ ಕೆಲಸ ಮಾಡಿದವರೂ ನಂಬುತ್ತಾರೆ. ಸಾಫ್ಟ್‌ವೇರ್ ನೋಡುವುದು ಇಷ್ಟೇ: ಎರಡೂ ಕಡೆ ಪರಮಾಣುಗಳು ಸಮ ಇವೆಯಾ, ಹೆಸರಿಸಿದ ವಸ್ತುಗಳು ಪಟ್ಟಿಯಲ್ಲಿ ಇವೆಯಾ, ಅಂಕಿ ಇರಬೇಕಾದ ಪೆಟ್ಟಿಗೆಯಲ್ಲಿ ಅಂಕಿ ಇದೆಯಾ. ಆ ಅಂಕಿ ಯಾವ ಯೂನಿಟ್‌ನದು, ಯಾವ ತಾಪಮಾನದಲ್ಲಿ ಅಳೆದದ್ದು, ಕ್ಯಾಟಲಿಸ್ಟ್ (ರಿಯಾಕ್ಷನ್ನಿನ ವೇಗ ಹೆಚ್ಚಿಸುವ ವಸ್ತು) ಇದ್ದಾಗಿನದೋ ಇಲ್ಲದಾಗಿನದೋ ಎಂಬುದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಅದನ್ನು ತಿಳಿಯಬೇಕಾದವರು ಫೈಲ್ ಬರೆದವರು.

ಮೊದಲ ತಪ್ಪು: ಹಿಂದಕ್ಕೆ ಬರುವ ದಾರಿ ಮುಚ್ಚಿದೆ

ಕಾರ್ಬನ್ ಮಾನಾಕ್ಸೈಡ್ ಮಾಯವಾಗಲು ಕಾರಣ ನಿಮ್ಮ ವಾಟರ್ ಗ್ಯಾಸ್ ಶಿಫ್ಟ್ ಸಾಲು. ಕಾರ್ಬನ್ ಮಾನಾಕ್ಸೈಡ್ ಮತ್ತು ಹಬೆ ಸೇರಿ ಕಾರ್ಬನ್ ಡೈಆಕ್ಸೈಡ್, ಹೈಡ್ರೋಜನ್ ಆಗುವ ರಿಯಾಕ್ಷನ್ ಇದು. ಎರಡೂ ದಿಕ್ಕಿಗೆ ನಡೆಯುತ್ತದೆ. ನೀವು ಮುಂದಿನ ದಿಕ್ಕಿನ ರೇಟ್ ಮಾತ್ರ ತುಂಬಿದ್ದೀರಿ. ಹಿಂದಿನ ದಿಕ್ಕಿನ ಗುಣಾಂಕ ಸೊನ್ನೆ. ಹಾಗಾಗಿ ರಿಯಾಕ್ಟರ್ ದೊಡ್ಡದಾದಷ್ಟೂ ಕಾರ್ಬನ್ ಮಾನಾಕ್ಸೈಡ್ ಕರಗುತ್ತಲೇ ಹೋಗುತ್ತದೆ. ಅದನ್ನು ತಡೆಯುವ ಸಮತೋಲನವೇ (ಎರಡೂ ದಿಕ್ಕಿನ ವೇಗ ಸಮವಾಗುವ ಸ್ಥಿತಿ) ಫೈಲಿನಲ್ಲಿ ಇಲ್ಲ.

ನೀವು ತೆಗೆದುಕೊಂಡ ರೇಟ್ ಗ್ಯಾಸಿಫಿಕೇಷನ್ ಪೇಪರ್‌ಗಳಲ್ಲಿ ಪದೇ ಪದೇ ಕಾಣುವಂಥದ್ದು. ಗುಣಾಂಕ 2.78 ಘನ ಮೀಟರ್ ಪ್ರತಿ ಮೋಲ್ ಪ್ರತಿ ಸೆಕೆಂಡ್, ಅದನ್ನು ಗುಣಿಸುವ e ಎಂಬ ಸಂಖ್ಯೆಯ ಘಾತದಲ್ಲಿ −1510/ಟಿ, ಟಿ ಎಂದರೆ ತಾಪಮಾನ, ಕೆಲ್ವಿನ್‌ನಲ್ಲಿ. ಅದೇ ಪೇಪರ್‌ಗಳಲ್ಲಿ ಇದರ ಜೊತೆಗೇ ಸಮತೋಲನ ಸ್ಥಿರಾಂಕವನ್ನೂ ಕೊಟ್ಟಿರುತ್ತಾರೆ: 0.0265, ಘಾತದಲ್ಲಿ 3968/ಟಿ. ಹಿಂದಿನ ದಿಕ್ಕಿನ ರೇಟ್ ಎಂದರೆ ಮುಂದಿನದನ್ನು ಈ ಸ್ಥಿರಾಂಕದಿಂದ ಭಾಗಿಸಿದ್ದು. 2.78 ಅನ್ನು 0.0265ರಿಂದ ಭಾಗಿಸಿದರೆ ಸುಮಾರು 105. ಘಾತದಲ್ಲಿ 1510 ಮತ್ತು 3968 ಕೂಡಿ −5478/ಟಿ. ಆಕ್ಟಿವೇಷನ್ ಎನರ್ಜಿಯಾಗಿ (ರಿಯಾಕ್ಷನ್ ನಡೆಯಲು ದಾಟಬೇಕಾದ ಎನರ್ಜಿ) ಬರೆದರೆ ಮುಂದಕ್ಕೆ 12.55, ಹಿಂದಕ್ಕೆ 45.5 ಕಿಲೋಜೂಲ್ ಪ್ರತಿ ಮೋಲ್. ಇದನ್ನು ಹಿಂದಿನ ದಿಕ್ಕಿನ ಪೆಟ್ಟಿಗೆಯಲ್ಲಿ ತುಂಬಿ. ಆರ್ಡರ್ (ರೇಟಿನಲ್ಲಿ ಆಯಾ ಗ್ಯಾಸಿನ ಪ್ರಮಾಣಕ್ಕೆ ಹಾಕುವ ಘಾತ) ಮರೆಯಬೇಡಿ. ಹಿಂದಿನ ದಿಕ್ಕಿಗೆ ಕಾರ್ಬನ್ ಡೈಆಕ್ಸೈಡ್ ಒಂದು, ಹೈಡ್ರೋಜನ್ ಒಂದು. ಅಲ್ಲಿ ಸೊನ್ನೆ ಬಿಟ್ಟರೆ ಆ ಎರಡು ಗ್ಯಾಸ್ ಇಲ್ಲದಿದ್ದರೂ ಹಿಂದಿನ ರಿಯಾಕ್ಷನ್ ನಡೆಯುತ್ತಲೇ ಇರುತ್ತದೆ.

ಇದನ್ನು ಕೈಲೆಕ್ಕದಲ್ಲೇ ಪರೀಕ್ಷಿಸಬಹುದು, ದಯವಿಟ್ಟು ಮಾಡಿ. ಎರಡು ಎನರ್ಜಿಗಳ ವ್ಯತ್ಯಾಸ ಸುಮಾರು 33 ಕಿಲೋಜೂಲ್. ಅದು ರಿಯಾಕ್ಷನ್ನಿನಿಂದ ಹೊರಬರುವ ಶಾಖಕ್ಕೆ ಹತ್ತಿರ ಇರಬೇಕು. 25 ಡಿಗ್ರಿಯಲ್ಲಿ ಆ ಶಾಖ 41 ಕಿಲೋಜೂಲ್. ಕಾರ್ಬನ್ ಡೈಆಕ್ಸೈಡಿನ ಉತ್ಪತ್ತಿ ಶಾಖ (ಮೂಲಧಾತುಗಳಿಂದ ಅದು ಉಂಟಾಗುವಾಗಿನ ಶಾಖ) −393.5, ಕಾರ್ಬನ್ ಮಾನಾಕ್ಸೈಡಿನದು −110.5, ಹಬೆಯದು −241.8 ಎಂದು ಹಾಕಿ ಕಳೆದು ನೋಡಿ, ಬರುತ್ತದೆ. 800 ಡಿಗ್ರಿ ಹತ್ತಿರ ಅದು 34ಕ್ಕೆ ಇಳಿಯುತ್ತದೆ. 33 ಮತ್ತು 34, ಹೊಂದುತ್ತದೆ ಅಲ್ವಾ? ಒಂದು ಪೇಪರಿನ ಮುಂದಿನ ರೇಟ್, ಇನ್ನೊಂದು ಪೇಪರಿನ ಹಿಂದಿನ ರೇಟ್ ತಂದು ಜೋಡಿಸಿದವರ ಫೈಲಿನಲ್ಲಿ ಈ ಹೊಂದಿಕೆ ಸಾಮಾನ್ಯವಾಗಿ ಸಿಗುವುದಿಲ್ಲ. ಅಂಥ ಫೈಲ್ ರನ್ ಆಗುತ್ತದೆ, ಆದರೆ ಎಂದೂ ಇರಲಾರದ ಸಮತೋಲನಕ್ಕೆ ಹೋಗಿ ನಿಲ್ಲುತ್ತದೆ.

ಎರಡನೆಯದು: ಸಾವಿರ ಪಟ್ಟಿನ ಯೂನಿಟ್

ನಿಮ್ಮ ಎರಡನೇ ಪ್ರಯತ್ನದಲ್ಲಿ ಏನೂ ನಡೆಯದ್ದಕ್ಕೆ ಕಾರಣ ಸರಳ. ರೇಟಿನ ಯೂನಿಟ್ಟನ್ನು ಕಿಲೋಮೋಲ್‌ಗೆ ಬದಲಿಸಿದಿರಿ, 2.78 ಎಂಬ ಅಂಕಿಯನ್ನು ಹಾಗೇ ಬಿಟ್ಟಿರಿ. ಮೋಲ್‌ಗೆ 2.78 ಎಂದರೆ ಕಿಲೋಮೋಲ್‌ಗೆ 2780. ರಿಯಾಕ್ಷನ್ ಸಾವಿರ ಪಟ್ಟು ನಿಧಾನವಾಯಿತು. ನಿಂತ ಹಾಗೇ ಕಂಡಿತು.

ಯೂನಿಟ್ ವಿಷಯದಲ್ಲಿ ಒಂದೊಂದು ಸಾಫ್ಟ್‌ವೇರಿಗೆ ಒಂದೊಂದು ಪದ್ಧತಿ. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದಲ್ಲಿ ಹುಟ್ಟಿದ ಕೆಮ್‌ಕಿನ್ ಎಂಬ ಸಾಫ್ಟ್‌ವೇರಿನ ಶೈಲಿಯ ಫೈಲಿನಲ್ಲಿ ಏನೂ ಹೇಳದಿದ್ದರೆ ಉದ್ದ ಸೆಂಟಿಮೀಟರ್‌ನಲ್ಲಿ, ಪ್ರಮಾಣ ಮೋಲ್‌ನಲ್ಲಿ, ಎನರ್ಜಿ ಕ್ಯಾಲೊರಿಯಲ್ಲಿ. ದುಡ್ಡು ಕೊಟ್ಟು ಕೊಳ್ಳುವ ಆಸ್ಪೆನ್ ಪ್ಲಸ್‌ನಲ್ಲಿ ಪವರ್ ಲಾ (ಪ್ರಮಾಣದ ಘಾತಗಳಲ್ಲಿ ಬರೆಯುವ) ರೇಟಿನ ಗುಣಾಂಕವನ್ನು ಎಸ್‌ಐ ಯೂನಿಟ್‌ನಲ್ಲೇ ಕೊಡಬೇಕು, ಅಂದರೆ ಘನ ಮೀಟರ್, ಕಿಲೋಮೋಲ್, ಸೆಕೆಂಡ್. ರಿಯಾಕ್ಷನ್ ಲೆಕ್ಕದ ಇನ್ನೊಂದು ಫ್ರೀ ಸಾಫ್ಟ್‌ವೇರ್ ಕ್ಯಾಂಟೆರಾದ ಯಾಮ್ಲ್ (YAML, ಸಾದಾ ಟೆಕ್ಸ್ಟಿನ ಒಂದು ಬಗೆ) ಫೈಲಿನಲ್ಲಿ ಯಾವ ಯೂನಿಟ್ ಎಂದು ಫೈಲಿನ ಶುರುವಿನಲ್ಲೇ ಬರೆಯಬಹುದು. ನನಗೆ ಆ ಪದ್ಧತಿ ಇಷ್ಟ, ಓದುವವರಿಗೆ ಅನುಮಾನ ಉಳಿಯುವುದಿಲ್ಲ. ಎರಡನೇ ಆರ್ಡರಿನ ಗುಣಾಂಕವನ್ನು ಘನ ಸೆಂಟಿಮೀಟರ್ ಪ್ರತಿ ಮೋಲ್‌ನಿಂದ ಘನ ಮೀಟರ್ ಪ್ರತಿ ಕಿಲೋಮೋಲ್‌ಗೆ ತರಲು ಸಾವಿರದಿಂದ ಭಾಗಿಸಬೇಕು. ಮೊದಲ ಆರ್ಡರಿಗೆ ಏನೂ ಮಾಡಬೇಕಿಲ್ಲ. ಮೂರನೇ ಆರ್ಡರಿಗೆ ಹತ್ತು ಲಕ್ಷದಿಂದ ಭಾಗಿಸಬೇಕು. ಹಾಗಾಗಿ ‘ಇಡೀ ಫೈಲಿಗೆ ಒಂದೇ ಗುಣಕ’ ಎಂಬ ಸುಲಭ ದಾರಿ ಇಲ್ಲ. ಸಾಲು ಸಾಲಾಗಿಯೇ ಮಾಡಬೇಕು.

ಎನರ್ಜಿಯ ಯೂನಿಟ್ ತಪ್ಪಿದರೆ ಇದಕ್ಕಿಂತ ಜಾಸ್ತಿ ಅನಾಹುತ, ಏಕೆಂದರೆ ಅದು ಘಾತದಲ್ಲಿ ಕೂತಿದೆ. 30,000 ಕ್ಯಾಲೊರಿ ಪ್ರತಿ ಮೋಲ್ ಎಂಬುದನ್ನು 30,000 ಜೂಲ್ ಎಂದು ತುಂಬಿದರೆ, 1100 ಕೆಲ್ವಿನ್‌ನಲ್ಲಿ ರಿಯಾಕ್ಷನ್ ಸುಮಾರು 34 ಸಾವಿರ ಪಟ್ಟು ವೇಗವಾಗುತ್ತದೆ. ಒಂದು ಕ್ಯಾಲೊರಿ ಎಂದರೆ 4.184 ಜೂಲ್, ಬರೀ ನಾಲ್ಕು ಪಟ್ಟಿನ ವ್ಯತ್ಯಾಸ ಎಂದು ಸುಮ್ನೆ ಬಿಡುವ ಹಾಗಿಲ್ಲ. ಇನ್ನೂ ಒಂದು ಬಲೆ ಇದೆ. ಕೆಲವು ಪೇಪರ್‌ಗಳು ಎನರ್ಜಿಯನ್ನು ಗ್ಯಾಸ್ ಸ್ಥಿರಾಂಕದಿಂದ ಮೊದಲೇ ಭಾಗಿಸಿ ಕೊಟ್ಟಿರುತ್ತವೆ. ನಿಮ್ಮ 1510 ಅಂಥದ್ದೇ, ಅದು ಕೆಲ್ವಿನ್. ಜೂಲ್ ಪೆಟ್ಟಿಗೆಗೆ ಹಾಕುವ ಮುಂಚೆ 8.314ರಿಂದ ಗುಣಿಸಬೇಕು. ಅದನ್ನು ನೀವು ಸರಿಯಾಗಿ ಮಾಡಿದ್ದೀರಿ.

ಮೂರನೆಯದು: ಪಿಡಿಎಫ್‌ನಿಂದ ಬಂದ ಅಂಕಿ

ಇದು ಸೀನಿಯರ್ ಕೊಟ್ಟ ಭಾಗದಲ್ಲಿದೆ. ಮೀಥೇನ್ ಮತ್ತು ಹಬೆ ಸೇರಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಕೊಡುವ ರಿಫಾರ್ಮಿಂಗ್ ಸಾಲಿನಲ್ಲಿ ಗುಣಾಂಕ 4288 ಎಂದಿದೆ. ಎನರ್ಜಿ 240.1 ಕಿಲೋಜೂಲ್ ಎಂದಿದೆ. ಆ ಎನರ್ಜಿ ನೋಡಿದ ಕೂಡಲೇ ಮೂಲ ಯಾವುದೆಂದು ಗೊತ್ತಾಯಿತು. 1989ರಲ್ಲಿ ಶು ಮತ್ತು ಫ್ರೊಮೆಂಟ್ ಪ್ರಕಟಿಸಿದ ರೇಟ್ ಅದು, ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವಂಥದ್ದು. ಅಲ್ಲಿನ ಗುಣಾಂಕ 4.225 ಗುಣಿಸು ಹತ್ತರ ಘಾತ 15. ಪಿಡಿಎಫ್‌ನಿಂದ ಕಾಪಿ ಮಾಡುವಾಗ ಮೇಲೆ ಸಣ್ಣದಾಗಿ ಕೂತಿದ್ದ 15 ಕೆಳಗಿಳಿದು ಹತ್ತರ ಪಕ್ಕ ಸೇರಿದೆ. 4.225 ಗುಣಿಸು 1015 ಆಗಿದೆ. ಯಾರೋ ಅದನ್ನು ಗುಣಿಸಿ 4288 ಎಂದು ಬರೆದಿದ್ದಾರೆ. ಲಕ್ಷ ಕೋಟಿ ಪಟ್ಟು ಕಮ್ಮಿ. ಪಿಡಿಎಫ್‌ನಿಂದ ತಂದ ಮೈನಸ್ ಚಿಹ್ನೆಯೂ ಹೀಗೇ ಕೈಕೊಡುತ್ತದೆ. ನೋಡಲು ಮೈನಸ್, ಕಂಪ್ಯೂಟರಿಗೆ ಬೇರೆಯೇ ಅಕ್ಷರ. ಘಾತವಿರುವ ಅಂಕಿಗಳನ್ನು ಕಾಪಿ ಮಾಡಬೇಡಿ, ಕೈಯಲ್ಲಿ ಟೈಪ್ ಮಾಡಿ. ಇನ್ನೊಬ್ಬರನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿಸಿ ತಾಳೆ ನೋಡಿ.

ಆದರೆ ಆ ಸಾಲನ್ನು ತಿದ್ದಬೇಡಿ, ತೆಗೆದುಹಾಕಿ. ಶು ಮತ್ತು ಫ್ರೊಮೆಂಟರ ರೇಟ್ ನಿಕ್ಕಲ್ ಕ್ಯಾಟಲಿಸ್ಟಿನ ಮೇಲೆ ಅಳೆದದ್ದು. ಅದರ ಯೂನಿಟ್ಟಿನಲ್ಲೇ ‘ಪ್ರತಿ ಕಿಲೋಗ್ರಾಂ ಕ್ಯಾಟಲಿಸ್ಟಿಗೆ, ಪ್ರತಿ ಗಂಟೆಗೆ’ ಎಂದಿದೆ, ಒತ್ತಡವೂ ಬಾರ್‌ನಲ್ಲಿದೆ. ನಿಮ್ಮ ಗ್ಯಾಸಿಫೈಯರಿನಲ್ಲಿ ನಿಕ್ಕಲ್ ಎಲ್ಲಿದೆ? ಅಂಕಿಯನ್ನು ಸರಿಯಾಗಿ ತುಂಬಿದ್ದರೂ ಆ ಸಾಲು ಇಲ್ಲಿಗೆ ಸಲ್ಲುವುದಿಲ್ಲ. ಮೂರರಲ್ಲಿ ನನಗೆ ಹೆಚ್ಚು ಕಳವಳ ತಂದದ್ದು ಇದೇ. ಯೂನಿಟ್ ತಪ್ಪು ಎಂದಾದರೂ ಉತ್ತರದಲ್ಲಿ ಕಣ್ಣಿಗೆ ಬೀಳುತ್ತದೆ. ಬೇರೆ ಜಾಗದ ರೇಟನ್ನು ತಂದು ಹಾಕಿದ್ದು ಹಾಗೆ ಬೀಳುವುದಿಲ್ಲ. ಉತ್ತರ ನಂಬುವ ಹಾಗೇ ಬರುತ್ತದೆ.

ಇನ್ನು ನಿಮಗೆ ಸಿಕ್ಕ ಸಲಹೆಗಳು

ಫ್ರೀ ಸಾಫ್ಟ್‌ವೇರ್ ಎಂದರೆ ತಪ್ಪು ಲೆಕ್ಕ ಎಂಬುದು ನಿಜವಲ್ಲ. ಡಿಡಬ್ಲ್ಯೂಸಿಮ್ ಓಪನ್ ಸೋರ್ಸ್, ಐಐಟಿ ಬಾಂಬೆಯ ಫಾಸಿ ಯೋಜನೆ ಅದನ್ನು ದೇಶದ ಕಾಲೇಜುಗಳಲ್ಲಿ ಹರಡುತ್ತಿದೆ. ನಿಮ್ಮ ಇದೇ ಫೈಲಿನ ಅಂಕಿಗಳನ್ನು ಆಸ್ಪೆನ್ ಪ್ಲಸ್‌ಗೆ ತುಂಬಿದರೂ ಕಾರ್ಬನ್ ಮಾನಾಕ್ಸೈಡ್ ಮಾಯವೇ ಆಗುತ್ತದೆ. ಆದರೆ ಗೈಡ್ ಸರ್ ಮಾತಿನಲ್ಲಿ ಒಂದು ಹುರುಳಿದೆ. ಹೊಟ್ಟು, ಕಲ್ಲಿದ್ದಲಿನಂಥ ನಿಶ್ಚಿತ ಸೂತ್ರವಿಲ್ಲದ ಘನ ವಸ್ತುಗಳನ್ನು ಆಸ್ಪೆನ್ ಪ್ಲಸ್ ಬೇರೆಯೇ ವರ್ಗವಾಗಿ ನೋಡುತ್ತದೆ. ಲ್ಯಾಬ್ ವಿಶ್ಲೇಷಣೆಯ ಶೇಕಡಾವಾರು ಅಂಕಿ ಕೊಟ್ಟರೆ ಶಾಖವನ್ನು ತಾನೇ ಅಂದಾಜು ಮಾಡುತ್ತದೆ. ಡಿಡಬ್ಲ್ಯೂಸಿಮ್‌ನಲ್ಲಿ ಹೊಟ್ಟಿಗೆ ನೀವೇ ಒಂದು ಸೂತ್ರ ಕಟ್ಟಿ, ಉತ್ಪತ್ತಿ ಶಾಖ ಲೆಕ್ಕ ಹಾಕಿ ತುಂಬಬೇಕು. ಆ ಲೆಕ್ಕಕ್ಕೆ ಬಾಂಬ್ ಕ್ಯಾಲೊರಿಮೀಟರಿನ (ಉರಿಸಿದಾಗ ಬರುವ ಶಾಖ ಅಳೆಯುವ ಉಪಕರಣ) ಅಂಕಿ ಬೇಕು, ಮತ್ತು ಅದು ಒಣ ಹೊಟ್ಟಿನದೋ ತೇವ ಸೇರಿದ್ದೋ ಎಂದು ತಿಳಿದಿರಬೇಕು. ಉರಿದಾಗ ಹುಟ್ಟುವ ನೀರು ದ್ರವವಾಗಿ ಉಳಿಯಿತೆಂದು ಹಿಡಿದರೆ ಅದರ ಉತ್ಪತ್ತಿ ಶಾಖ −285.8, ಹಬೆಯಾಗಿ ಹೋಯಿತೆಂದರೆ −241.8. ಇಲ್ಲಿ ತಪ್ಪಿದರೆ ಗ್ಯಾಸಿಫೈಯರಿನ ತಾಪಮಾನವೇ ತಪ್ಪುತ್ತದೆ.

325 ರಿಯಾಕ್ಷನ್ ಎಂದು ನಿಮ್ಮ ಸ್ನೇಹಿತ ಹೇಳಿದ್ದು ಜಿಆರ್‌ಐ-ಮೆಕ್ 3.0 ಇರಬೇಕು. 53 ವಸ್ತುಗಳು, 325 ರಿಯಾಕ್ಷನ್‌ಗಳು. ಒಳ್ಳೆಯ ಕೆಲಸ ಅದು, ಆದರೆ ನ್ಯಾಚುರಲ್ ಗ್ಯಾಸ್ ಉರಿಯುವುದನ್ನು ಲೆಕ್ಕ ಹಾಕಲು ಕಟ್ಟಿದ್ದು. ಅದರಲ್ಲಿ ಇದ್ದಿಲು ಇಲ್ಲ, ಟಾರ್ (ಹೊಟ್ಟು ಬಿಸಿಯಾದಾಗ ಬರುವ ಅಂಟು ಡಾಂಬರು) ಇಲ್ಲ. ಹೊಟ್ಟಿನ ಗ್ಯಾಸಿಫೈಯರಿನಲ್ಲಿ ಅರ್ಧ ಕಥೆ ಇರುವುದೇ ಆ ಎರಡರಲ್ಲಿ. ರಿಯಾಕ್ಷನ್ ಸಂಖ್ಯೆ ಹೆಚ್ಚಿದಷ್ಟೂ ಉತ್ತರ ನಿಖರ ಎಂದೇನಿಲ್ಲ. ಅದನ್ನು ಡಿಡಬ್ಲ್ಯೂಸಿಮ್‌ಗೆ ನೇರವಾಗಿ ತರಲೂ ಆಗುವುದಿಲ್ಲ. ಅಲ್ಲಿ ಒತ್ತಡಕ್ಕೆ ತಕ್ಕಂತೆ ಬದಲಾಗುವ ರೇಟ್‌ಗಳಿವೆ, ತಾಪಮಾನದ ಘಾತದ ಪದಗಳಿವೆ. ಗುಣಾಂಕ, ಎನರ್ಜಿ ಎರಡನ್ನೇ ಕೇಳುವ ಸರಳ ಅರ್ಹೇನಿಯಸ್ ಪೆಟ್ಟಿಗೆಯಲ್ಲಿ ಅವು ಹಿಡಿಸುವುದಿಲ್ಲ. ಕೆಮ್‌ಕಿನ್ ಫೈಲನ್ನು ಕ್ಯಾಂಟೆರಾಗೆ ಬದಲಿಸುವ ಪ್ರೋಗ್ರಾಂ ಕ್ಯಾಂಟೆರಾ ಜೊತೆಯಲ್ಲೇ ಬರುತ್ತದೆ, ಅದು ಚೆನ್ನಾಗಿದೆ. ಬೇಕಾದರೆ ಗ್ಯಾಸ್ ಭಾಗವನ್ನು ಮಾತ್ರ ಕ್ಯಾಂಟೆರಾದಲ್ಲಿ ಬೇರೆಯಾಗಿ ಲೆಕ್ಕ ಹಾಕಿ ಹೋಲಿಸಿ.

ಫೈಲನ್ನು ಯಾವುದರಲ್ಲಿ ತಿದ್ದಬೇಕು ಎಂದೂ ಕೇಳಿದ್ದೀರಿ. ಡಿಡಬ್ಲ್ಯೂಸಿಮ್ ಆದರೆ ಅದರದೇ ರಿಯಾಕ್ಷನ್ ಕಿಟಕಿಯಲ್ಲಿ ತಿದ್ದುವುದು ಕ್ಷೇಮ. ಯೂನಿಟ್ ಆಯ್ಕೆ, ತಾಪಮಾನದ ಮಿತಿ, ವಿವರಣೆಯ ಜಾಗ ಎಲ್ಲ ಅಲ್ಲೇ ಇವೆ. ವಿವರಣೆಯ ಜಾಗವನ್ನು ಯಾರೂ ತುಂಬುವುದಿಲ್ಲ, ನೀವು ತುಂಬಿ. ಅಂಕಿಯ ಮೂಲ ಯಾವುದು, ಮೂಲದಲ್ಲಿ ಯೂನಿಟ್ ಏನಿತ್ತು, ಎಷ್ಟು ಡಿಗ್ರಿಯಿಂದ ಎಷ್ಟು ಡಿಗ್ರಿ ತನಕ ಅಳೆದದ್ದು, ಯಾವ ದಿನ ಯಾರು ತಿದ್ದಿದ್ದು. ನಿಮ್ಮ ಸೀನಿಯರ್ ಇಷ್ಟು ಬರೆದಿದ್ದರೆ ನಿಮಗೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ಕೆಮ್‌ಕಿನ್, ಯಾಮ್ಲ್ ಫೈಲ್‌ಗಳಾದರೆ ಸಾದಾ ಟೆಕ್ಸ್ಟ್ ಎಡಿಟರ್ ಸಾಕು, ವರ್ಡ್ ಮಾತ್ರ ಬೇಡ. ಕೆಮ್‌ಕಿನ್‌ನ ಶಾಖದ ದತ್ತಾಂಶದಲ್ಲಿ ಪ್ರತಿ ಅಂಕಿಗೂ ಸಾಲಿನಲ್ಲಿ ನಿಗದಿಯಾದ ಜಾಗವಿದೆ. ಒಂದು ಸ್ಪೇಸ್ ಸರಿದರೆ ಅಂಕಿಯೇ ಬೇರೆಯಾಗುತ್ತದೆ. ಯಾಮ್ಲ್‌ನಲ್ಲಿ ಸಾಲನ್ನು ಒಳಕ್ಕೆ ಸರಿಸಲು ಟ್ಯಾಬ್ ಬಳಸುವಂತಿಲ್ಲ, ಸ್ಪೇಸ್ ಮಾತ್ರ. ನೈಟ್ರಿಕ್ ಆಕ್ಸೈಡಿನ ಎರಡಕ್ಷರದ ಸೂತ್ರವನ್ನು (NO) ಕೋಟ್ ಚಿಹ್ನೆಯ ಒಳಗೇ ಬರೆಯಿರಿ. ಇಲ್ಲದಿದ್ದರೆ ಯಾಮ್ಲ್ ಓದುವ ಕೆಲವು ಪ್ರೋಗ್ರಾಂಗಳು ಅದನ್ನು ‘ಇಲ್ಲ’ ಎಂಬ ಉತ್ತರ ಎಂದು ತಿಳಿದುಬಿಡುತ್ತವೆ.

ತಿದ್ದಿದ ಮೇಲೆ ಮಾಡಬೇಕಾದ ಪರೀಕ್ಷೆ

ಪೂರ್ತಿ ಗ್ಯಾಸಿಫೈಯರನ್ನು ರನ್ ಮಾಡುವ ಮುಂಚೆ ಒಂದೊಂದೇ ರಿಯಾಕ್ಷನ್ ಹಚ್ಚಿ ನೋಡಿ. ಶಿಫ್ಟ್ ಒಂದನ್ನೇ ಇಟ್ಟುಕೊಳ್ಳಿ. ಒಂದು ಕಿಲೋಮೋಲ್ ಕಾರ್ಬನ್ ಮಾನಾಕ್ಸೈಡ್, ಒಂದು ಕಿಲೋಮೋಲ್ ಹಬೆ, 800 ಡಿಗ್ರಿ, ತಾಪಮಾನ ಬದಲಾಗದಂತೆ ಹಿಡಿದಿಡಿ. ಆ ತಾಪಮಾನದಲ್ಲಿ ಸಮತೋಲನ ಸ್ಥಿರಾಂಕ ಒಂದರ ಆಸುಪಾಸು. ಹಾಗಾಗಿ ಸರಿಸುಮಾರು ಅರ್ಧ ಕಾರ್ಬನ್ ಮಾನಾಕ್ಸೈಡ್ ಉಳಿಯಬೇಕು. ರಿಯಾಕ್ಟರಿನ ಗಾತ್ರ ನೂರು ಪಟ್ಟು ಮಾಡಿ. ಆಗಲೂ ಅರ್ಧವೇ ಉಳಿಯಬೇಕು. ಉಳಿಯದೆ ಸೊನ್ನೆಯತ್ತ ಜಾರಿದರೆ ಹಿಂದಿನ ದಿಕ್ಕು ಇನ್ನೂ ಸರಿಯಾಗಿಲ್ಲ. ಬಳಿಕ 400 ಡಿಗ್ರಿಗೆ ಇಳಿಸಿ, ದೊಡ್ಡ ರಿಯಾಕ್ಟರಿನಲ್ಲೇ ನೋಡಿ. ಈಗ ಮುಕ್ಕಾಲು ಭಾಗ ಖರ್ಚಾಗಬೇಕು. ಅದೇ ಫೀಡನ್ನು ಗಿಬ್ಸ್ ರಿಯಾಕ್ಟರಿಗೂ ಕೊಡಿ. ಅದಕ್ಕೆ ಯಾವ ರೇಟೂ ಬೇಡ, ನೇರ ಸಮತೋಲನ ಹುಡುಕುತ್ತದೆ. ಮೀಥೇನ್, ಇದ್ದಿಲನ್ನು ಪಟ್ಟಿಯಿಂದ ತೆಗೆದು ನಾಲ್ಕೇ ಗ್ಯಾಸ್ ಇಟ್ಟರೆ ಎರಡರ ಉತ್ತರ ಹತ್ತಿರ ಬರಬೇಕು. ಒಂದೆರಡು ಶೇಕಡಾ ಹೆಚ್ಚುಕಮ್ಮಿ ಇದ್ದರೆ ಚಿಂತೆ ಬೇಡ. ಹತ್ತಿಪ್ಪತ್ತು ಶೇಕಡಾ ಇದ್ದರೆ ಮುಂದೆ ಹೋಗಬೇಡಿ.

ಒಂದೇ ಹೆಜ್ಜೆಯ ದಹನದ ರೇಟ್ ಬಳಸುವುದಿದ್ದರೆ ಇನ್ನೊಂದು ಎಚ್ಚರ. ವೆಸ್ಟ್‌ಬ್ರುಕ್ ಮತ್ತು ಡ್ರೈಯರ್ 1981ರಲ್ಲಿ ಕೊಟ್ಟ ಮೀಥೇನ್ ರೇಟಿನಲ್ಲಿ ಮೀಥೇನಿನ ಆರ್ಡರ್ −0.3. ಮೀಥೇನ್ ಮುಗಿಯುತ್ತಾ ಬಂದ ಹಾಗೆ ರೇಟ್ ಅನಂತದ ಕಡೆ ಓಡುತ್ತದೆ, ಲೆಕ್ಕ ಕುಸಿಯುತ್ತದೆ. ಆಗ ಟಾಲರೆನ್ಸ್ (ಲೆಕ್ಕದಲ್ಲಿ ಒಪ್ಪುವ ತಪ್ಪಿನ ಮಿತಿ) ಸಡಿಲಿಸಿ ದಾಟಿಸುವವರಿದ್ದಾರೆ. ಅದು ಸರಿಯಲ್ಲ. ಆ ರೇಟನ್ನೇ ಬಿಡಬೇಕು, ಇಲ್ಲವೇ ಮೀಥೇನ್ ಒಂದು ಮಟ್ಟಕ್ಕಿಂತ ಇಳಿದಾಗ ರೇಟನ್ನು ನಿಲ್ಲಿಸುವ ಸೂತ್ರ ಬರೆಯಬೇಕು.

ನಿಮ್ಮ ಮುಂದಿರುವ ದಾರಿಗಳು

ಎಲ್ಲಕ್ಕಿಂತ ಸುಲಭದ್ದು ರೇಟನ್ನೇ ಬಿಟ್ಟು, ಇಡೀ ಗ್ಯಾಸಿಫೈಯರನ್ನು ಸಮತೋಲನ ಎಂದು ಹಿಡಿಯುವುದು. ಎಂ.ಟೆಕ್ ಪ್ರಾಜೆಕ್ಟಿಗೆ ಮೊದಲ ಅಧ್ಯಾಯವಾಗಿ ನಾನು ಇದನ್ನೇ ಹೇಳುತ್ತೇನೆ. ಇದರ ದೋಷ ಗೊತ್ತಿರುವಂಥದ್ದು: 800 ಡಿಗ್ರಿಯಲ್ಲಿ ಮೀಥೇನ್ ಬಹುತೇಕ ಇಲ್ಲ ಎನ್ನುತ್ತದೆ, ಟಾರ್ ಸೊನ್ನೆ ಎನ್ನುತ್ತದೆ. ನಿಜದ ಗ್ಯಾಸಿಫೈಯರಿನಲ್ಲಿ ಎರಡೂ ಇರುತ್ತವೆ. ಸಮತೋಲನದ ರಿಯಾಕ್ಷನ್‌ಗೆ ‘ಇಷ್ಟು ಡಿಗ್ರಿ ಹಿಂದೆ’ ಎಂದು, ಅಂದರೆ ರಿಯಾಕ್ಟರಿನ ತಾಪಮಾನಕ್ಕಿಂತ ಅಷ್ಟು ಡಿಗ್ರಿ ದೂರದ ಸಮತೋಲನ ಹಿಡಿಯುವಂತೆ, ಕೊಡುವ ಅವಕಾಶ ಡಿಡಬ್ಲ್ಯೂಸಿಮ್, ಆಸ್ಪೆನ್ ಎರಡರಲ್ಲೂ ಇದೆ. ಅಳೆದ ಗ್ಯಾಸಿನ ಅಂಕಿ ನಿಮ್ಮ ಕೈಯಲ್ಲಿದ್ದರೆ ಅದನ್ನು ಬಳಸಿ ಹತ್ತಿರ ತರಬಹುದು. ಕಾರ್ಖಾನೆಗಳಲ್ಲಿ ಇದು ಒಪ್ಪಿತ ಪದ್ಧತಿ.

ಎರಡನೇ ದಾರಿ ನೀವು ಹಿಡಿದದ್ದು, ಐದಾರು ರಿಯಾಕ್ಷನ್‌ಗಳ ರೇಟ್ ಫೈಲ್. ಗಾತ್ರ, ಸಮಯ, ತಾಪಮಾನ ಬದಲಿಸಿದರೆ ಏನಾಗುತ್ತದೆ ಎಂದು ನೋಡಲು ಇದು ಬೇಕೇ ಬೇಕು. ಅಪಾಯ ಇರುವುದು ಇದ್ದಿಲಿನ ಸಾಲುಗಳಲ್ಲಿ. ಇದ್ದಿಲು ಹಬೆಯ ಜೊತೆ, ಕಾರ್ಬನ್ ಡೈಆಕ್ಸೈಡಿನ ಜೊತೆ ಸೇರುವ ರೇಟ್‌ಗಳನ್ನು ಪೇಪರ್‌ನವರು ಮರದ ಇದ್ದಿಲಿನ ಮೇಲೋ ಕಲ್ಲಿದ್ದಲಿನ ಮೇಲೋ ಅಳೆದಿರುತ್ತಾರೆ. ಕಾಫಿ ಹೊಟ್ಟಿನ ಬೂದಿಯಲ್ಲಿ ಪೊಟ್ಯಾಶ್ ತುಂಬ ಜಾಸ್ತಿ. ಪೊಟ್ಯಾಸಿಯಂ ಈ ಎರಡೂ ರಿಯಾಕ್ಷನ್‌ಗಳಿಗೆ ಕ್ಯಾಟಲಿಸ್ಟ್. ಹಾಗಾಗಿ ಹೊಟ್ಟಿನ ಇದ್ದಿಲು ಮರದ ಇದ್ದಿಲಿನ ರೇಟಿಗೆ ಬದ್ಧವಾಗಿರಬೇಕೆಂದಿಲ್ಲ. ನಿಮ್ಮ ಹೊಟ್ಟಿನ ಇದ್ದಿಲನ್ನೇ ಟಿಜಿಎ ಯಂತ್ರದಲ್ಲಿ (ಬಿಸಿ ಮಾಡುತ್ತಾ ತೂಕ ಇಳಿಯುವುದನ್ನು ಅಳೆಯುವ ಯಂತ್ರ) ಮೂರ್ನಾಲ್ಕು ತಾಪಮಾನದಲ್ಲಿ ಅಳೆದು ರೇಟ್ ತೆಗೆದರೆ ಅದೇ ನಿಮ್ಮ ಪ್ರಾಜೆಕ್ಟಿನ ಜೀವಾಳವಾದೀತು. ಚೆರ್ರಿ ಹೊಟ್ಟು (ಒಣಗಿದ ಹಣ್ಣಿನ ಸಿಪ್ಪೆ), ಪಾರ್ಚ್‌ಮೆಂಟ್ ಹೊಟ್ಟು (ಬೀಜದ ಮೇಲಿನ ತೆಳು ಪದರ) ಬೇರೆ ಬೇರೆ ಅಳೆಯಿರಿ. ಎರಡನ್ನೂ ಬೆರೆಸಿ ಒಂದೇ ಹೆಸರಿಡಬೇಡಿ.

ಮೂರನೆಯದು, ಅಳೆದ ಗ್ಯಾಸಿನ ಪ್ರಮಾಣವನ್ನೇ ಶೇಕಡಾವಾರು ಪರಿವರ್ತನೆಯಾಗಿ ತುಂಬುವುದು. ಆ ಗ್ಯಾಸ್ ಮುಂದೆ ಎಂಜಿನ್ನಿಗೋ ಡ್ರೈಯರಿಗೋ ಹೋಗುವ ಭಾಗವನ್ನು ಲೆಕ್ಕ ಹಾಕಲು ಇದು ಸಾಕು. ಆದರೆ ತಾಪಮಾನ ಬದಲಿಸಿದರೂ ಉತ್ತರ ಬದಲಾಗುವುದಿಲ್ಲ ಎಂಬುದು ನೆನಪಿರಲಿ.

ಉತ್ತರ ಬರುವ ತನಕ ಅಂಕಿ ತಿದ್ದುವ ಸಲಹೆಗೆ ಬರುತ್ತೇನೆ. ಅಂಕಿ ಹೊಂದಿಸುವುದೇ ತಪ್ಪು ಅಂತಲ್ಲ. ನಾವೂ ಪ್ಲಾಂಟಿನ ಅಂಕಿಗೆ ರೇಟ್ ಹೊಂದಿಸುತ್ತೇವೆ. ಆದರೆ ಒಂದೇ ತಾಪಮಾನದ ಒಂದೇ ಉತ್ತರಕ್ಕೆ ಐದು ಗುಣಾಂಕ ಎಳೆದಾಡಿದರೆ ಹೊಂದದೇ ಇರುವುದಿಲ್ಲ, ಬೇಕಾದಷ್ಟು ಬಗೆಯಲ್ಲಿ ಹೊಂದುತ್ತದೆ. 50 ಡಿಗ್ರಿ ಆಚೆ ಹೋದರೆ ಎಲ್ಲವೂ ಬೇರೆ ಬೇರೆ ಉತ್ತರ ಕೊಡುತ್ತವೆ. ಹೊಂದಿಸುವುದಿದ್ದರೆ ಒಂದು ಗುಣಾಂಕ, ಹೆಚ್ಚೆಂದರೆ ಎರಡು. ಹಲವು ತಾಪಮಾನದ ಅಳತೆ ಇರಬೇಕು. ಅದರಲ್ಲಿ ಕೆಲವನ್ನು ಪಕ್ಕಕ್ಕಿಟ್ಟು, ಹೊಂದಿಸಿದ ಫೈಲ್ ಅವನ್ನೂ ಸರಿಯಾಗಿ ಹೇಳುತ್ತದೆಯೇ ಎಂದು ನೋಡಬೇಕು. ಸಮತೋಲನ ಸ್ಥಿರಾಂಕ, ಉತ್ಪತ್ತಿ ಶಾಖ ಇವನ್ನು ಮಾತ್ರ ಎಂದೂ ಮುಟ್ಟಬಾರದು. ಅವು ಹೊಂದಾಣಿಕೆಗೆ ಇರುವ ಅಂಕಿಗಳಲ್ಲ. ಯಾವ ಅಂಕಿ ಹೊಂದಿಸಿದ್ದು, ಯಾವುದು ಪೇಪರಿನದು ಎಂದು ಥೀಸಿಸ್‌ನಲ್ಲಿ ಬರೆಯಿರಿ. ಅದರಿಂದ ನಿಮ್ಮ ಕೆಲಸದ ಬೆಲೆ ಕಮ್ಮಿಯಾಗುವುದಿಲ್ಲ.

ಚಿಕ್ಕಪ್ಪನವರಿಗೆ

ಗಾಳಿ ಕೊಟ್ಟು ಮಾಡಿದ ಪ್ರೊಡ್ಯೂಸರ್ ಗ್ಯಾಸಿನಲ್ಲಿ ಅರ್ಧದಷ್ಟು ಗಾಳಿಯಿಂದಲೇ ಬಂದ ನೈಟ್ರೋಜನ್ ಇರುತ್ತದೆ. ಹೈಡ್ರೋಜನ್ ಸಾಮಾನ್ಯವಾಗಿ ಶೇ. 15ರಿಂದ 20, ಕಾರ್ಬನ್ ಮಾನಾಕ್ಸೈಡ್ ಕೂಡ ಸುಮಾರು ಅಷ್ಟೇ. ಶೇ. 30 ಹೈಡ್ರೋಜನ್ ಎಂಬುದು ಫೈಲಿನ ತಪ್ಪಿನಿಂದ ಹುಟ್ಟಿದ್ದು. ದಯವಿಟ್ಟು ಅದನ್ನು ಅವರಿಗೆ ಇವತ್ತೇ ಹೇಳಿ.

ಫೈಲ್ ಸರಿಯಾದ ಮೇಲೂ ಅದು ಹೇಳದ ಸಂಗತಿಗಳಿವೆ. ಪೊಟ್ಯಾಶ್ ಜಾಸ್ತಿ ಇರುವ ಬೂದಿ ಬೇಗ ಕರಗಿ ಗಟ್ಟಿ ಕಟ್ಟುತ್ತದೆ. ಹೊಟ್ಟು ಹಗುರ, ಸರಾಗವಾಗಿ ಕೆಳಗಿಳಿಯುವುದಿಲ್ಲ, ಮಧ್ಯದಲ್ಲಿ ಸೇತುವೆ ಕಟ್ಟಿ ನಿಂತುಬಿಡುತ್ತದೆ. ಟಾರ್ ಪೈಪಿನಲ್ಲಿ ಕೂರುತ್ತದೆ. ಇವಾವುದೂ ರಿಯಾಕ್ಷನ್ ಫೈಲಿನಲ್ಲಿ ಬರುವುದಿಲ್ಲ. ಅದೇ ಹೊಟ್ಟನ್ನು ಹಾಕಿ ಓಡಿಸಿದ ಗ್ಯಾಸಿಫೈಯರನ್ನು ಕಣ್ಣಾರೆ ನೋಡಿ, ಅದರ ಗ್ಯಾಸ್ ಅಳತೆಯ ವರದಿ ಕೈಗೆ ಬಂದ ಮೇಲಷ್ಟೇ ದುಡ್ಡಿನ ಮಾತು. ಗ್ಯಾಸಿನಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಕಣದಲ್ಲಿ ರಾತ್ರಿ ಆಳುಗಳು ಮಲಗುವ ಶೆಡ್ಡಿನ ಹತ್ತಿರ ಇಂಥದ್ದನ್ನು ಇಡಲೇಬಾರದು. ಎಲ್ಲೇ ಇಟ್ಟರೂ ಅದನ್ನು ಪತ್ತೆಹಚ್ಚುವ ಅಲಾರಂ ಬೇಕು.

ಅವರಿಗೆ ಬೇಕಿರುವುದು ಕಾಫಿ ಒಣಗಿಸುವ ಬಿಸಿ ಗಾಳಿ ತಾನೇ? ಅಷ್ಟಕ್ಕೇ ಆದರೆ ಗ್ಯಾಸ್ ಮಾಡುವ ಅಗತ್ಯವೇ ನನಗೆ ಕಾಣುವುದಿಲ್ಲ. ಹೊಟ್ಟನ್ನು ನೇರವಾಗಿ ಉರಿಸುವ ಒಲೆ, ಹೊಗೆ ಕಾಫಿಗೆ ತಾಗದಂತೆ ಶಾಖವನ್ನು ಮಾತ್ರ ಗಾಳಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್, ಒಂದು ಫ್ಯಾನ್ ಇದ್ದರೆ ಕೆಲಸ ಆಗುತ್ತದೆ. ಬೂದಿ ಕರಗುವ ತೊಂದರೆ ಅಲ್ಲೂ ಇದೆ, ಆದರೆ ತೆಗೆಯುವುದು ಸುಲಭ. ಕರೆಂಟನ್ನೂ ಮಾಡಬೇಕೆಂಬ ಆಸೆ ಇದ್ದರೆ ಮಾತ್ರ ಗ್ಯಾಸಿಫೈಯರ್ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಬಯೋಮಾಸ್ ಗ್ಯಾಸಿಫೈಯರ್‌ಗಳ ಮೇಲೆ ದಶಕಗಳ ಕೆಲಸ ನಡೆದಿದೆ, ನಿಮ್ಮ ಗೈಡ್ ಮೂಲಕ ಅಲ್ಲಿನವರನ್ನು ಕೇಳಬಹುದು.

ತಿದ್ದಿದ ಫೈಲನ್ನು ಇದರ ಜೊತೆ ಕಳಿಸಿದ್ದೇನೆ. ರಿಫಾರ್ಮಿಂಗ್ ಸಾಲು ತೆಗೆದಿದ್ದೇನೆ, ಶಿಫ್ಟ್ ಸಾಲಿಗೆ ಹಿಂದಿನ ದಿಕ್ಕು ಸೇರಿಸಿದ್ದೇನೆ. ಇದ್ದಿಲಿನ ಎರಡು ಸಾಲುಗಳನ್ನು ಹಾಗೇ ಬಿಟ್ಟು, ವಿವರಣೆಯ ಜಾಗದಲ್ಲಿ ‘ಮರದ ಇದ್ದಿಲಿನದು, ಹೊಟ್ಟಿಗೆ ಪರೀಕ್ಷಿಸಿಲ್ಲ’ ಎಂದು ಬರೆದಿದ್ದೇನೆ. ನಿಮ್ಮ ಟಿಜಿಎ ಅಳತೆ ಬಂದ ದಿನ ಆ ಮಾತನ್ನು ಅಳಿಸಿ, ಹೊಸ ಅಂಕಿ, ತಾಪಮಾನದ ಮಿತಿ, ತಾರೀಖು ಹಾಕಿ.